ಬೆರಳು ಚೀಪಿದರೆ ಹಲ್ಲು ಉಬ್ಬುತ್ತದೆಯೇ? ಮಕ್ಕಳ ಬಾಯಿ ಅಭ್ಯಾಸಗಳ ಬಗ್ಗೆ ಫಾರ್ವರ್ಡ್‌ಗಳು ಹೇಳದೇ ಬಿಡುವ ಮಾತು

‘ನಿಮ್ಮ ಮಗು ಬೆರಳು ಚೀಪುತ್ತಿದೆಯೇ? ಇಂದೇ ನಿಲ್ಲಿಸಿ. ಇಲ್ಲದಿದ್ದರೆ ಜೀವನಪೂರ್ತಿ ಉಬ್ಬುಹಲ್ಲು ಗ್ಯಾರಂಟಿ!’ ಜೊತೆಗೆ ಮುಂದಕ್ಕೆ ಚಾಚಿಕೊಂಡ ಹಲ್ಲುಗಳ ಒಂದು ಫೋಟೊ. ಕೊನೆಯಲ್ಲಿ ‘ಎಲ್ಲ ತಂದೆ-ತಾಯಂದಿರಿಗೂ ತಲುಪಿಸಿ’ ಎಂಬ ಮನವಿ. ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ.

ಅದೇ ಗ್ರೂಪಿನಲ್ಲಿ ಇನ್ನೊಂದು ದಿನ ಇದಕ್ಕೆ ತದ್ವಿರುದ್ಧವಾದ ಸಂದೇಶವೂ ಬರುತ್ತದೆ. ‘ಬೆರಳು ಚೀಪುವ ಮಕ್ಕಳಿಗೆ ಅಲರ್ಜಿ ಬರುವುದಿಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ. ಮಕ್ಕಳನ್ನು ತಡೆಯಬೇಡಿ!’

ಎರಡನ್ನೂ ಓದಿದ ತಾಯಿಯೊಬ್ಬರು ನಮಗೆ ಬರೆದು ಕೇಳಿದರು: ‘ಮಗಳಿಗೆ ಮೂರು ವರ್ಷ. ಮಲಗುವಾಗ ಹೆಬ್ಬೆರಳು ಬೇಕೇ ಬೇಕು. ಅತ್ತೆಯವರು ಬೇವಿನೆಣ್ಣೆ ಹಚ್ಚು ಅಂತಾರೆ, ಅಮ್ಮ ತಾನಾಗೇ ಬಿಡ್ತಾಳೆ ಬಿಡು ಅಂತಾರೆ. ಯಾರ ಮಾತು ಕೇಳಲಿ?’

ಅವರ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿಲ್ಲ. ಏಕೆಂದರೆ ಎರಡೂ ಫಾರ್ವರ್ಡ್‌ಗಳಲ್ಲಿ ಸ್ವಲ್ಪ ನಿಜವಿದೆ, ಆದರೆ ಮುಖ್ಯವಾದ ಒಂದು ಮಾತು ಎರಡರಲ್ಲೂ ಬಿಟ್ಟುಹೋಗಿದೆ. ಅದು ಮಗುವಿನ ವಯಸ್ಸು. ಆ ಲೆಕ್ಕ ತಿಳಿಯದಿದ್ದರೆ ಎರಡು ರೀತಿಯ ತಪ್ಪುಗಳಾಗುತ್ತವೆ. ಒಂದು ಮನೆಯಲ್ಲಿ ಎರಡು ವರ್ಷದ ಕೂಸಿಗೆ ಸುಮ್ಮನೆ ಬೈಗುಳ, ಪೆಟ್ಟು. ಇನ್ನೊಂದು ಮನೆಯಲ್ಲಿ ಏಳು ವರ್ಷದ ಹುಡುಗನ ದವಡೆ ಬದಲಾಗುತ್ತಿದ್ದರೂ ‘ದೊಡ್ಡವನಾದಮೇಲೆ ಸರಿಹೋಗುತ್ತೆ’ ಎಂಬ ನಿರ್ಲಕ್ಷ್ಯ.

ಹಾಗಾಗಿ ಬೆರಳು ಚೀಪುವುದು, ನಿಪ್ಪಲ್, ಬಾಯಿಂದ ಉಸಿರಾಡುವುದು, ಹಲ್ಲು ಕಡಿಯುವುದು, ಉಗುರು ಕಚ್ಚುವುದು ಈ ಎಲ್ಲದರ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂದು ಒಂದೊಂದಾಗಿ ನೋಡೋಣ.

ಬೆರಳು ಚೀಪುವುದು ರೋಗವಲ್ಲ

ಮಗು ಬೆರಳು ಚೀಪುವುದನ್ನು ಯಾರೂ ಕಲಿಸುವುದಿಲ್ಲ. ಹೊಟ್ಟೆಯಲ್ಲಿರುವಾಗಲೇ ಕೆಲವು ಶಿಶುಗಳು ಹೆಬ್ಬೆರಳನ್ನು ಬಾಯಿಗಿಟ್ಟುಕೊಳ್ಳುವುದು ಸ್ಕ್ಯಾನಿಂಗ್‌ನಲ್ಲಿ ಕಾಣಿಸುತ್ತದೆ. ಚೀಪುವುದು ಹುಟ್ಟಿನಿಂದಲೇ ಬರುವ ಪ್ರತಿವರ್ತನೆ. ಅದಿಲ್ಲದಿದ್ದರೆ ಹುಟ್ಟಿದ ಕೂಸು ಹಾಲು ಕುಡಿಯಲಾರದು. ಹಸಿವಿಲ್ಲದಾಗಲೂ ಚೀಪುವುದರಿಂದ ಮಗುವಿಗೆ ಸಮಾಧಾನ ಸಿಗುತ್ತದೆ. ನಿದ್ದೆ ಬಂದಾಗ, ಬೇಸರವಾದಾಗ, ಭಯವಾದಾಗ, ಅಮ್ಮ ಹತ್ತಿರವಿಲ್ಲದಾಗ ಬೆರಳು ಬಾಯಿಗೆ ಹೋಗುವುದು ಇದೇ ಕಾರಣಕ್ಕೆ.

‘ಬೆರಳು ಚೀಪಿದರೆ ಮನಸ್ಸಿನಲ್ಲಿ ಏನೋ ಸಮಸ್ಯೆ ಇದೆ’ ಎಂಬ ಮಾತಿಗೂ ಹಳೆಯ ಇತಿಹಾಸವಿದೆ. ಹಂಗೇರಿಯ ಮಕ್ಕಳ ವೈದ್ಯ ಲಿಂಡ್ನರ್ 1879ರಲ್ಲೇ ಈ ಅಭ್ಯಾಸದ ಬಗ್ಗೆ ಪ್ರಬಂಧ ಬರೆದಿದ್ದರು. ಅದನ್ನು ಓದಿದ ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಬೆರಳು ಚೀಪುವುದನ್ನು ತಮ್ಮ ಮನೋವಿಶ್ಲೇಷಣೆಯ ಸಿದ್ಧಾಂತಕ್ಕೆ ಸೇರಿಸಿಕೊಂಡರು. ಇಂದು ಮಕ್ಕಳ ತಜ್ಞರು ಅಷ್ಟು ದೂರ ಹೋಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಇದು ಸಹಜ ಅಭ್ಯಾಸ, ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ ಎಂಬುದು ಈಗಿನ ಸಾಮಾನ್ಯ ಅಭಿಪ್ರಾಯ.

ಹಾಗಿದ್ದರೆ ಗಟ್ಟಿಯಾದ ಹಲ್ಲು ಸರಿಯುವುದು ಹೇಗೆ?

ಕಲ್ಲಿನಂಥ ಹಲ್ಲನ್ನು ಮೆತ್ತಗಿನ ಬೆರಳು ಹೇಗೆ ಸರಿಸೀತು ಎಂದು ಅನುಮಾನ ಬರುವುದು ಸಹಜ. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯಲ್ಲಿ ಬಿಗಿಯಾಗಿ ಕೂತಿಲ್ಲ. ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ತೆಳುವಾದ ನಾರಿನ ಪದರವಿದೆ. ಹಲ್ಲಿನ ಮೇಲೆ ಒಂದೇ ಕಡೆಯಿಂದ ಒತ್ತಡ ಬೀಳುತ್ತಾ ಹೋದರೆ, ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಇನ್ನೊಂದು ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ನಿಧಾನವಾಗಿ ಜಾಗ ಬದಲಿಸುತ್ತದೆ. ದೊಡ್ಡವರಾದಮೇಲೆ ಕ್ಲಿಪ್ ಹಾಕಿಸಿ ಹಲ್ಲು ಸರಿಮಾಡಿಸುವುದು ಕೂಡ ಇದೇ ತತ್ವದ ಮೇಲೆ. ಬೆರಳು ಅದೇ ಕೆಲಸವನ್ನು ಉಲ್ಟಾ ದಿಕ್ಕಿನಲ್ಲಿ ಮಾಡುತ್ತದೆ, ಅಷ್ಟೇ.

ಸಾಮಾನ್ಯವಾಗಿ ಹಲ್ಲುಗಳ ಸಾಲು ಸರಿಯಾಗಿ ನಿಲ್ಲುವುದು ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ ಎರಡೂ ಸಮತೋಲನದಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ. ಹೆಬ್ಬೆರಳು ಬಾಯೊಳಗೆ ಹೋದಾಗ ಈ ಸಮತೋಲನ ತಪ್ಪುತ್ತದೆ.

ಮೊದಲನೆಯದಾಗಿ, ಬೆರಳು ಮೇಲಿನ ಮುಂಭಾಗದ ಹಲ್ಲುಗಳನ್ನು ಮುಂದಕ್ಕೆ, ಕೆಳಗಿನವನ್ನು ಒಳಕ್ಕೆ ತಳ್ಳುತ್ತದೆ. ನಾವು ಉಬ್ಬುಹಲ್ಲು ಎನ್ನುವುದು ಇದನ್ನೇ.

ಎರಡನೆಯದಾಗಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಬೆರಳು ಅಡ್ಡವಿರುವುದರಿಂದ ಮುಂಭಾಗದ ಹಲ್ಲುಗಳು ಪೂರ್ತಿ ಇಳಿಯುವುದಿಲ್ಲ. ದವಡೆ ಕಚ್ಚಿದರೂ ಮುಂದೆ ಕಿಂಡಿ ಉಳಿಯುತ್ತದೆ. ಅಂಥ ಮಗುವಿಗೆ ಚಪಾತಿ ಚೂರನ್ನೋ ಸೀಬೆಹಣ್ಣನ್ನೋ ಮುಂದಿನ ಹಲ್ಲಿನಿಂದ ಕಚ್ಚಿ ತುಂಡು ಮಾಡುವುದು ಕಷ್ಟ. ‘ಸ’, ‘ಶ’ ಉಚ್ಚಾರಣೆಯೂ ಕೆಲವರಲ್ಲಿ ತೊದಲುತ್ತದೆ.

ಮೂರನೆಯದು ಹೊರಗಿನಿಂದ ಕಾಣದ್ದು. ಚೀಪುವಾಗ ಕೆನ್ನೆಯ ಸ್ನಾಯುಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ನಾಲಿಗೆ ಕೆಳಗೆ ಹೋಗುತ್ತದೆ. ಮೇಲಿನ ದವಡೆಯನ್ನು ಒಳಗಿನಿಂದ ಅಗಲವಾಗಿ ಹಿಡಿದಿಡುವ ನಾಲಿಗೆ ಅಲ್ಲಿಲ್ಲದೆ, ಅಂಗುಳ ಕಿರಿದಾಗಿ ಎತ್ತರವಾಗುತ್ತದೆ. ಆಗ ಹಿಂದಿನ ದವಡೆ ಹಲ್ಲುಗಳು ಅಡ್ಡಾದಿಡ್ಡಿಯಾಗಿ ಕೂರುತ್ತವೆ. ಅಂದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಒಳಗಡೆ ಬೀಳುತ್ತದೆ.

ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಎಷ್ಟು ಜೋರಾಗಿ ಚೀಪುತ್ತದೆ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷ ಎಂಬ ಮೂರರ ಮೇಲೆ ಪರಿಣಾಮ ನಿಂತಿದೆ. ಇವುಗಳಲ್ಲಿ ಹೊತ್ತೇ ಹೆಚ್ಚು ಮುಖ್ಯ. ಹಲ್ಲು ಸರಿಯಬೇಕಾದರೆ ಒತ್ತಡ ದಿನಕ್ಕೆ ಹಲವು ಗಂಟೆಗಳ ಕಾಲ, ಸುಮಾರು 6 ಗಂಟೆಯ ಹತ್ತಿರ ಇರಬೇಕು ಎನ್ನುತ್ತದೆ ದಂತವಿಜ್ಞಾನ. ಮಲಗುವ ಮುಂಚೆ ಹತ್ತು ನಿಮಿಷ ಜೋರಾಗಿ ಚೀಪಿ ಬಿಡುವ ಮಗುವಿಗಿಂತ, ರಾತ್ರಿಯಿಡೀ ಮೆತ್ತಗೆ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಹಲ್ಲಿಗೆ ಹೆಚ್ಚು ಅಪಾಯ. ನಿಮ್ಮ ಮಗು ಯಾವ ಬಗೆಯದ್ದು ಎಂದು ತಿಳಿಯಲು ರಾತ್ರಿ ಅದು ಮಲಗಿ ಒಂದೆರಡು ಗಂಟೆಯಾದ ಮೇಲೆ ಒಮ್ಮೆ ನೋಡಿ.

ವಯಸ್ಸಿನ ಲೆಕ್ಕ

ಇನ್ನು ಫಾರ್ವರ್ಡ್‌ಗಳು ಬಿಟ್ಟುಬಿಟ್ಟ ಆ ಮುಖ್ಯ ಮಾತಿಗೆ ಬರೋಣ.

ಮಗುವಿಗೆ ಸುಮಾರು 6 ತಿಂಗಳಾದಾಗ ಮೊದಲ ಹಲ್ಲು ಬರುತ್ತದೆ. ಎರಡೂವರೆ-ಮೂರು ವರ್ಷದ ಹೊತ್ತಿಗೆ 20 ಹಾಲುಹಲ್ಲುಗಳು ಪೂರ್ತಿಯಾಗುತ್ತವೆ. 6ನೇ ವರ್ಷದ ಆಸುಪಾಸಿನಲ್ಲಿ ಶಾಶ್ವತ ಹಲ್ಲುಗಳು ಶುರು. ಮೇಲಿನ ಮುಂಭಾಗದ ಎರಡು ದೊಡ್ಡ ಹಲ್ಲುಗಳು ಬರುವುದು 7-8ನೇ ವರ್ಷದಲ್ಲಿ.

3 ವರ್ಷದವರೆಗೆ ಬೆರಳು ಚೀಪುವುದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯ ಹೆಚ್ಚಿನ ಮಕ್ಕಳ ವಿಷಯದಲ್ಲಿ ಇಲ್ಲ. 3ರಿಂದ 4 ವರ್ಷದಲ್ಲಿ ಮೆಲ್ಲಗೆ ಬಿಡಿಸಲು ಶುರು ಮಾಡಬಹುದು. ಈ ವಯಸ್ಸು ದಾಟಿದ ಮೇಲೂ ಮುಂದುವರಿದರೆ ದಂತವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. 6 ವರ್ಷ ದಾಟಿ, ಶಾಶ್ವತ ಹಲ್ಲು ಬರುವಾಗಲೂ ಅಭ್ಯಾಸ ಇದ್ದರೆ ಕಾಯುವುದು ಸರಿಯಲ್ಲ.

ಶಾಶ್ವತ ಮುಂಭಾಗದ ಹಲ್ಲು ಬರುವ ಮುಂಚೆಯೇ ಅಭ್ಯಾಸ ನಿಂತರೆ, ಮುಂದಿನ ಕಿಂಡಿ ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ತುಟಿ ಮತ್ತು ನಾಲಿಗೆಯ ಸಮತೋಲನ ಮರಳಿ ಬರುವುದೇ ಇದಕ್ಕೆ ಕಾರಣ. ‘ಜೀವನಪೂರ್ತಿ ಉಬ್ಬುಹಲ್ಲು ಗ್ಯಾರಂಟಿ’ ಎಂಬ ಫಾರ್ವರ್ಡ್ ಇಲ್ಲಿ ಸುಳ್ಳಾಗುತ್ತದೆ. ಆದರೆ ಕಿರಿದಾದ ಅಂಗುಳ, ಅಡ್ಡ ಕೂತ ಹಿಂದಿನ ಹಲ್ಲುಗಳು ಅಷ್ಟು ಸುಲಭವಾಗಿ ತಾವಾಗಿ ಸರಿಹೋಗುವುದಿಲ್ಲ. ಅವಕ್ಕೆ ಹೆಚ್ಚಾಗಿ ಚಿಕಿತ್ಸೆಯೇ ಬೇಕು. ‘ತಾನಾಗಿ ಸರಿಹೋಗುತ್ತೆ’ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ.

‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ’

ಹಾಲುಹಲ್ಲು ಬಿದ್ದಾಗ ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆದ ನೆನಪು ನಮ್ಮಲ್ಲಿ ಅನೇಕರಿಗಿದೆ. ಹೇಗೂ ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಚಿಂತೆ ಯಾಕೆ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಹಲ್ಲು ಬಿದ್ದುಹೋಗುತ್ತದೆ, ದವಡೆ ಅಲ್ಲೇ ಇರುತ್ತದೆ. ಶಾಶ್ವತ ಹಲ್ಲು ಬರುವುದು ಅದೇ ದವಡೆಯಲ್ಲಿ. ಹಾಲುಹಲ್ಲುಗಳು ಮುಂದೆ ಬರುವ ಹಲ್ಲಿಗೆ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ ಜಾಗ ಹಿಡಿದಿಟ್ಟಿರುತ್ತವೆ. ಹುಳುಕಾಗಿ ಅವಧಿಗೆ ಮುಂಚೆ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಕೆಳಗಿನಿಂದ ಬರುವ ಹಲ್ಲಿಗೆ ಸೀಟು ಸಿಗದೆ ಸೊಟ್ಟ ಬರುತ್ತದೆ. ಅಲ್ಲದೆ ಹಿಂದಿನ ಕೆಲವು ಹಾಲುಹಲ್ಲುಗಳು 10-12 ವರ್ಷದವರೆಗೂ ಬಾಯಲ್ಲಿರುತ್ತವೆ.

ನಿಪ್ಪಲ್, ಬಾಟಲಿ ಮತ್ತು ಜೇನುತುಪ್ಪ

ಅಳುವ ಕೂಸಿನ ಬಾಯಿಗಿಡುವ ಹಾಲಿಲ್ಲದ ನಿಪ್ಪಲ್ ಈಗ ನಮ್ಮ ಊರಿನ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ಹಲ್ಲಿನ ಮೇಲೆ ಇದರ ಪರಿಣಾಮ ಬೆರಳಿನಂತೆಯೇ. ಒಂದೇ ವ್ಯತ್ಯಾಸವೆಂದರೆ ಇದನ್ನು ಬಿಡಿಸುವುದು ಸುಲಭ. ನಿಪ್ಪಲ್ಲನ್ನು ಎತ್ತಿಡಬಹುದು, ಬೆರಳನ್ನು ಎತ್ತಿಡಲಾಗದು. ‘ಹಲ್ಲಿಗೆ ಹಾನಿ ಮಾಡದ ವಿಶೇಷ ಆಕಾರದ ನಿಪ್ಪಲ್’ ಎಂಬ ಜಾಹೀರಾತು ಕಂಡರೂ, ವರ್ಷಗಟ್ಟಲೆ ಬಾಯಲ್ಲಿದ್ದರೆ ಯಾವ ಆಕಾರವೂ ಸುರಕ್ಷಿತವಲ್ಲ ಎಂಬುದು ನೆನಪಿರಲಿ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಿಶುಗಳನ್ನು ಮಲಗಿಸುವಾಗ ನಿಪ್ಪಲ್ ಕೊಡಬಹುದು ಎನ್ನುತ್ತದೆ. ನಿದ್ದೆಯಲ್ಲೇ ಶಿಶು ಹಠಾತ್ತಾಗಿ ಸಾಯುವ ಅಪಾಯ ಇದರಿಂದ ಕಡಿಮೆಯಾಗುವುದು ಕಂಡುಬಂದಿದೆ. ಆದರೆ ಎದೆಹಾಲು ಕುಡಿಯುವ ಕೂಸಿಗೆ ಹಾಲೂಡಿಸುವುದು ಚೆನ್ನಾಗಿ ರೂಢಿಯಾದ ಮೇಲೆಯೇ ಕೊಡಬೇಕು ಎಂಬ ಷರತ್ತೂ ಜೊತೆಗಿದೆ. ಆದ್ದರಿಂದ ‘ನಿಪ್ಪಲ್ ವಿಷ’ ಎನ್ನುವ ಫಾರ್ವರ್ಡ್ ಕೂಡ ಸರಿಯಲ್ಲ, ‘ಅಳುವಿಗೆಲ್ಲ ನಿಪ್ಪಲ್ಲೇ ಮದ್ದು’ ಎನ್ನುವುದೂ ಸರಿಯಲ್ಲ.

ಅಪಾಯದ ಅಭ್ಯಾಸ ಬೇರೊಂದಿದೆ. ನಿಪ್ಪಲ್ಲನ್ನು ಜೇನುತುಪ್ಪಕ್ಕೋ ಸಕ್ಕರೆ ನೀರಿಗೋ ಅದ್ದಿ ಕೊಡುವುದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಕರುಳಲ್ಲಿ ಮೊಳೆತು ವಿಷ ಉತ್ಪಾದಿಸುತ್ತವೆ. ಬಾಟುಲಿಸಂ ಎಂಬ ಈ ಕಾಯಿಲೆಯಲ್ಲಿ ಸ್ನಾಯುಗಳು ಸೋತು, ಉಸಿರಾಟಕ್ಕೇ ಕುತ್ತು ಬರಬಹುದು. ಇದು ಅಪರೂಪ, ಆದರೆ ಪೂರ್ತಿಯಾಗಿ ತಪ್ಪಿಸಬಹುದಾದ ಅಪಾಯ.

ಇನ್ನು ಹಾಲಿನ ಬಾಟಲಿ. ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಗು ಮಲಗಿದರೆ ಹಾಲು ಹಲ್ಲಿನ ಸುತ್ತ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ನುಂಗುವುದೂ ಕಡಿಮೆ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಮತ್ತು ಬೆರೆಸಿದ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಇಂಥ ಹುಳುಕು ಮೊದಲು ಕಾಣುವುದು ಮೇಲಿನ ಮುಂಭಾಗದ ಹಲ್ಲುಗಳಲ್ಲಿ. ಕೆಳಗಿನ ಮುಂಭಾಗದ ಹಲ್ಲುಗಳನ್ನು ನಾಲಿಗೆ ಮುಚ್ಚಿ ಕಾಪಾಡುತ್ತದೆ. ಮಗುವಿನ ಮೇಲ್ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದಂತೆ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ. ಕಂದು ಬಣ್ಣಕ್ಕೆ ತಿರುಗುವ ಮುಂಚೆಯೇ ವೈದ್ಯರಿಗೆ ತೋರಿಸಿ. ಒಂದು ವರ್ಷದ ಹೊತ್ತಿಗೆ ಲೋಟದಲ್ಲಿ ಕುಡಿಯುವುದನ್ನು ಕಲಿಸಿದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಭಾರತದಲ್ಲಿ ಹಾಲಿನ ಪುಡಿ ಮತ್ತು ಫೀಡಿಂಗ್ ಬಾಟಲಿಯ ಜಾಹೀರಾತಿಗೆ 1992ರ ಕಾಯ್ದೆಯಲ್ಲೇ ನಿಷೇಧವಿದೆ. ಅದರ ಮುಖ್ಯ ಉದ್ದೇಶ ಎದೆಹಾಲಿನ ರಕ್ಷಣೆ. ಎದೆಹಾಲಿಗೂ ಹಲ್ಲಿನ ಸಾಲಿಗೂ ಸಂಬಂಧವಿದೆ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಎದೆಹಾಲಿನ ಕುರಿತ ಸರಣಿಯು, ಎದೆಹಾಲು ಕುಡಿದ ಮಕ್ಕಳಲ್ಲಿ ಹಲ್ಲುಗಳು ಸರಿಯಾಗಿ ಕೂರದ ಸಮಸ್ಯೆ ಕಡಿಮೆ ಎಂದು ಹೇಳಿತ್ತು.

ಬಾಯಿ ತೆರೆದು ಮಲಗುವ ಮಗು ಮತ್ತು ಬಾಯಿಗೆ ಟೇಪ್

‘ರಾತ್ರಿ ಬಾಯಿಗೆ ಟೇಪ್ ಅಂಟಿಸಿ ಮಲಗಿದರೆ ಮುಖದ ಆಕಾರ ಸುಂದರವಾಗುತ್ತದೆ, ಮಕ್ಕಳಿಗೂ ಮಾಡಿ’ ಎಂಬ ರೀಲ್‌ಗಳು ಈಚೆಗೆ ಓಡಾಡುತ್ತಿವೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಮಕ್ಕಳ ಬಾಯಿಗೆ ಟೇಪ್ ಅಂಟಿಸಬೇಡಿ.

ಮಗು ಸುಮ್ಮನೆ ಬಾಯಿಂದ ಉಸಿರಾಡುವುದಿಲ್ಲ. ಮೂಗಿನ ದಾರಿ ಕಟ್ಟಿರುವುದರಿಂದ ಉಸಿರಾಡುತ್ತದೆ. ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿ ಊದಿರಬಹುದು, ಟಾನ್ಸಿಲ್ ದೊಡ್ಡದಾಗಿರಬಹುದು, ಧೂಳಿನ ಅಲರ್ಜಿಯಿಂದ ಮೂಗು ಸದಾ ಕಟ್ಟಿರಬಹುದು. ಮೂಗು ಕಟ್ಟಿದ ಮಗುವಿನ ಬಾಯನ್ನೂ ಮುಚ್ಚಿದರೆ ಗಾಳಿ ಹೋಗುವುದು ಎಲ್ಲಿಂದ? ವಾಂತಿಯಾದರೆ ಗತಿಯೇನು?

ಆದರೆ ಬಾಯಿಂದ ಉಸಿರಾಡುವುದನ್ನು ಕಡೆಗಣಿಸುವಂತೆಯೂ ಇಲ್ಲ. ಬಾಯಿ ಸದಾ ತೆರೆದಿದ್ದರೆ ಒಸಡು ಒಣಗಿ ಊದಿಕೊಳ್ಳುತ್ತದೆ, ಜೊಲ್ಲಿನ ರಕ್ಷಣೆ ಕಡಿಮೆಯಾಗಿ ಹುಳುಕು ಹೆಚ್ಚುತ್ತದೆ. ನಾಲಿಗೆ ಅಂಗುಳಕ್ಕೆ ತಾಗದೆ ಕೆಳಗೇ ಉಳಿಯುತ್ತದೆ. ವರ್ಷಗಟ್ಟಲೆ ಹೀಗೇ ಇದ್ದ ಮಕ್ಕಳಲ್ಲಿ ಕಿರಿದಾದ ಅಂಗುಳ, ಉದ್ದನೆಯ ಮುಖ, ಮುಚ್ಚದ ತುಟಿಗಳು ಹೆಚ್ಚಾಗಿ ಕಂಡುಬರುತ್ತವೆ. ನೆಗಡಿ ಇಲ್ಲದಿದ್ದಾಗಲೂ ಮಗು ಗೊರಕೆ ಹೊಡೆದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದಂತೆ ಕಂಡರೆ, ಬೆಳಿಗ್ಗೆ ದಿಂಬು ಒದ್ದೆಯಾಗಿದ್ದರೆ, ಹಗಲಿನಲ್ಲಿ ತೂಕಡಿಸಿದರೆ ಅಥವಾ ವಿನಾಕಾರಣ ಸಿಡಿಮಿಡಿ ಎಂದರೆ ಮೊದಲು ತೋರಿಸಬೇಕಾದ್ದು ಕಿವಿ-ಮೂಗು-ಗಂಟಲು ವೈದ್ಯರಿಗೆ ಅಥವಾ ಮಕ್ಕಳ ವೈದ್ಯರಿಗೆ. ಮೂಗಿನ ದಾರಿ ತೆರವಾಗದೆ ‘ಬಾಯಿ ಮುಚ್ಚು’ ಎಂದು ಗದರಿದರೆ ಫಲವಿಲ್ಲ.

ರಾತ್ರಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳುವೇ?

ಇದು ಫಾರ್ವರ್ಡ್‌ಗಿಂತಲೂ ಹಳೆಯದು, ಅಜ್ಜಿಯ ಕಾಲದ್ದು. ಮಗು ನಿದ್ದೆಯಲ್ಲಿ ಕಟಕಟ ಹಲ್ಲು ಕಡಿದರೆ ‘ಜಂತುಹುಳು ಆಗಿದೆ, ಔಷಧಿ ಕುಡಿಸು’ ಎನ್ನುವುದು ಮನೆಮನೆಯ ಮಾತು.

ಹಲ್ಲು ಕಡಿಯುವುದಕ್ಕೆ ಹುಳುವೇ ಕಾರಣ ಎಂದು ಸಾಬೀತಾಗಿಲ್ಲ. ಮಕ್ಕಳಲ್ಲಿ ಹಲ್ಲು ಕಡಿಯುವುದು ತುಂಬಾ ಸಾಮಾನ್ಯ. ನಿದ್ದೆಯ ಹಂತಗಳು ಬದಲಾಗುವಾಗಿನ ಸಣ್ಣ ಎಚ್ಚರಗಳು, ಆತಂಕ, ಉಸಿರಾಟದ ಅಡಚಣೆ ಇವುಗಳ ಜೊತೆ ಅದಕ್ಕೆ ನಂಟಿದೆ. ಹೆಚ್ಚಿನ ಮಕ್ಕಳಲ್ಲಿ ಶಾಶ್ವತ ಹಲ್ಲು ಬರುತ್ತಾ ಬರುತ್ತಾ ಅದು ತಾನಾಗಿ ನಿಲ್ಲುತ್ತದೆ. ಹಲ್ಲು ತೀರಾ ಸವೆದಿದ್ದರೆ, ಬೆಳಿಗ್ಗೆ ದವಡೆ ನೋವು ಎಂದು ಮಗು ಹೇಳಿದರೆ ಅಥವಾ ಜೋರಾದ ಗೊರಕೆಯೂ ಜೊತೆಗಿದ್ದರೆ ವೈದ್ಯರಿಗೆ ತೋರಿಸಿ.

ಹಾಗೆಂದು ಜಂತುಹುಳುವಿನ ಮಾತ್ರೆ ಬೇಡ ಎಂದು ಅರ್ಥವಲ್ಲ. 2015ರಿಂದ ದೇಶದಲ್ಲಿ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಅದನ್ನು ತಪ್ಪದೆ ಕೊಡಿಸಿ. ಆದರೆ ಅದನ್ನು ಕೊಡಿಸುವುದು ಹುಳುವಿಗಾಗಿ, ಹಲ್ಲು ಕಡಿಯುವುದನ್ನು ನಿಲ್ಲಿಸಲಿಕ್ಕಲ್ಲ.

ಹುಳುವಿಗೆ ನಿಜವಾದ ದಾರಿ ಉಗುರು ಕಚ್ಚುವುದು. ಉಗುರಿನ ಸಂದಿಯಲ್ಲಿ ಸೇರಿಕೊಂಡ ದಾರಹುಳುವಿನ ಮೊಟ್ಟೆಗಳು ನೇರವಾಗಿ ಬಾಯಿಗೆ ಹೋಗುತ್ತವೆ. ಜೊತೆಗೆ ಉಗುರಿನ ಬುಡದಲ್ಲಿ ಕೀವು ತುಂಬುವುದು, ಮುಂಭಾಗದ ಹಲ್ಲಿನ ಅಂಚು ಚಕ್ಕೆ ಏಳುವುದು ಕೂಡ ಆಗುತ್ತದೆ. ಅಜ್ಜಿಯರು ಹುಳುವಿನ ಬಗ್ಗೆ ಎಚ್ಚರಿಸಿದ್ದು ತಪ್ಪಲ್ಲ, ಹಿಡಿದ ಜಾಡು ಮಾತ್ರ ಬೇರೆ.

‘ಬೆರಳು ಚೀಪಿದರೆ ಅಲರ್ಜಿ ಬರುವುದಿಲ್ಲ’: ಆ ಅಧ್ಯಯನ ಹೇಳಿದ್ದೇನು?

ಎರಡನೇ ಫಾರ್ವರ್ಡ್‌ನ ಹಿಂದೆ ನಿಜವಾದ ಒಂದು ಅಧ್ಯಯನವಿದೆ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಒಂದು ಸಾವಿರ ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಗಮನಿಸುತ್ತಾ ಬಂದಿದ್ದಾರೆ. 5ರಿಂದ 11 ವರ್ಷದ ನಡುವೆ ಬೆರಳು ಚೀಪುವ ಅಥವಾ ಉಗುರು ಕಚ್ಚುವ ಅಭ್ಯಾಸವಿತ್ತೇ ಎಂದು ತಂದೆ-ತಾಯಿಯರನ್ನು ಕೇಳಿ, 13ನೇ ವಯಸ್ಸಿನಲ್ಲಿ ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿದರು. ಯಾವ ಅಭ್ಯಾಸವೂ ಇಲ್ಲದವರಲ್ಲಿ ಶೇ. 49 ಮಂದಿಗೆ, ಒಂದು ಅಭ್ಯಾಸವಿದ್ದವರಲ್ಲಿ ಶೇ. 40 ಮಂದಿಗೆ, ಎರಡೂ ಇದ್ದವರಲ್ಲಿ ಶೇ. 31 ಮಂದಿಗೆ ಪರೀಕ್ಷೆ ಪಾಸಿಟಿವ್ ಬಂತು. ಇದು 2016ರಲ್ಲಿ ಪ್ರಕಟವಾಯಿತು.

ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಮುಂದಿನ ಭಾಗವನ್ನು ಅದು ಹೇಳುವುದಿಲ್ಲ. ಚರ್ಮದ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡರೂ, ಆಸ್ತಮಾ ಮತ್ತು ಅಲರ್ಜಿಯ ನೆಗಡಿಯ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಾಯಿಲೆ ತಪ್ಪಲಿಲ್ಲ. ಈ ಅಭ್ಯಾಸಗಳನ್ನು ಪ್ರೋತ್ಸಾಹಿಸಿ ಎಂದು ಸಂಶೋಧಕರೂ ಹೇಳಲಿಲ್ಲ. ಅಧ್ಯಯನ ನಿಜ, ಅದರ ಮೇಲೆ ಕಟ್ಟಿದ ಸಲಹೆ ಮಾತ್ರ ತಪ್ಪು. ಇದು ಆರೋಗ್ಯದ ಫಾರ್ವರ್ಡ್‌ಗಳಲ್ಲಿ ನಾವು ಮತ್ತೆ ಮತ್ತೆ ನೋಡುವ ಮಾದರಿ.

ಎಲ್ಲ ಉಬ್ಬುಹಲ್ಲಿಗೂ ಬೆರಳೇ ಕಾರಣವಲ್ಲ

ಹಲ್ಲು ಉಬ್ಬಿದ ಮಗುವನ್ನು ಕಂಡ ಕೂಡಲೇ ‘ಚಿಕ್ಕವನಿದ್ದಾಗ ಬೆರಳು ಚೀಪಿರಬೇಕು, ಅಮ್ಮ ನೋಡಿಕೊಂಡಿಲ್ಲ’ ಎನ್ನುವವರಿದ್ದಾರೆ. ದವಡೆಯ ಗಾತ್ರ, ಹಲ್ಲಿನ ಗಾತ್ರ, ಎರಡು ದವಡೆಗಳ ಹೊಂದಾಣಿಕೆ ಬಹುಪಾಲು ವಂಶದಿಂದ ಬರುತ್ತವೆ. ಒಮ್ಮೆಯೂ ಬೆರಳು ಬಾಯಿಗಿಡದ ಮಗುವಿಗೂ ಉಬ್ಬುಹಲ್ಲು ಬರಬಹುದು. ತಾಯಿಯನ್ನು ದೂರುವುದರಿಂದ ಹಲ್ಲು ನೆಟ್ಟಗಾಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. 7-8ನೇ ವಯಸ್ಸಿನಲ್ಲಿ ಮೇಲಿನ ಎರಡು ದೊಡ್ಡ ಹಲ್ಲುಗಳ ನಡುವೆ ಸಂದಿ ಬಿಟ್ಟು, ಹಲ್ಲು ಆಚೀಚೆ ವಾಲಿಕೊಂಡು ಕಾಣುತ್ತವೆ. ಎಷ್ಟೋ ಪೋಷಕರು ಗಾಬರಿಯಾಗುವುದು ಆಗಲೇ. ಒಳಗೆ ಇಳಿಯುತ್ತಿರುವ ಕೋರೆಹಲ್ಲುಗಳು ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ಹೀಗಾಗುತ್ತದೆ. ದಂತವೈದ್ಯರು ಇದನ್ನು ‘ಕುರೂಪಿ ಬಾತುಮರಿ’ಯ ಹಂತ ಎಂದೇ ಕರೆಯುತ್ತಾರೆ. 11-12ರ ಹೊತ್ತಿಗೆ ಕೋರೆಹಲ್ಲು ಬಂದಮೇಲೆ ಹೆಚ್ಚಿನ ಮಕ್ಕಳಲ್ಲಿ ಸಂದಿ ತಾನಾಗಿ ಮುಚ್ಚುತ್ತದೆ. ಇಂಥ ಮಗುವಿಗೆ ಆನ್‌ಲೈನಿನಲ್ಲಿ ಸಿಗುವ ‘ಹಲ್ಲು ನೆಟ್ಟಗೆ ಮಾಡುವ’ ಸಿಲಿಕೋನ್ ಸಾಧನ ತರಿಸಿ ಹಾಕುವುದು, ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತುವುದು ಬೇಡ. ರಬ್ಬರ್ ಬ್ಯಾಂಡ್ ಒಸಡಿನೊಳಗೆ ಜಾರಿ ಬೇರಿನ ಸುತ್ತಲಿನ ಮೂಳೆಯನ್ನೇ ಹಾಳುಮಾಡಿ, ಒಳ್ಳೆಯ ಹಲ್ಲು ಕಳೆದುಕೊಳ್ಳುವಂತೆ ಮಾಡಬಲ್ಲದು.

ಬೇವಿನೆಣ್ಣೆ, ಮೆಣಸಿನಪುಡಿ, ಬೆದರಿಕೆ: ಯಾವುದು ಕೆಲಸ ಮಾಡುತ್ತದೆ?

ಬೆರಳಿಗೆ ಬೇವಿನೆಣ್ಣೆ, ಹಾಗಲಕಾಯಿ ರಸ, ಮೆಣಸಿನಪುಡಿ. ಅದೂ ಆಗದಿದ್ದರೆ ‘ಬರೆ ಹಾಕ್ತೀನಿ’, ‘ಬೆರಳು ಕತ್ತರಿಸ್ತೀನಿ’. ಈ ಬೆದರಿಕೆ ನಮ್ಮಲ್ಲಷ್ಟೇ ಇಲ್ಲ. 1845ರಲ್ಲಿ ಪ್ರಕಟವಾದ ಜರ್ಮನ್ ಮಕ್ಕಳ ಪುಸ್ತಕ ‘ಸ್ಟ್ರುವೆಲ್‌ಪೀಟರ್’ನಲ್ಲಿ ಬೆರಳು ಚೀಪುವ ಹುಡುಗನ ಹೆಬ್ಬೆರಳನ್ನು ದರ್ಜಿಯೊಬ್ಬ ಕತ್ತರಿಸಿಬಿಡುತ್ತಾನೆ.

ಮೆಣಸಿನಪುಡಿ ಹಚ್ಚಿದ ಕೈ ಕಣ್ಣಿಗೆ ಹೋಗುತ್ತದೆ, ಹಾಗಾಗಿ ಅದು ಬೇಡವೇ ಬೇಡ. ಬರೆ ಹಾಕುವುದು ಮಗುವಿನ ಮೇಲಿನ ಕ್ರೌರ್ಯ, ಕಾನೂನಿನ ಪ್ರಕಾರ ಅಪರಾಧ. ಬೈಗುಳ, ಬೆದರಿಕೆಗಳಲ್ಲಿ ಒಂದು ವಿಚಿತ್ರ ತೊಡಕಿದೆ. ಮಗು ಬೆರಳು ಚೀಪುವುದೇ ಭಯ, ಬೇಸರ ಕಳೆದುಕೊಳ್ಳಲು. ಹೆದರಿಸಿದಷ್ಟೂ ಸಮಾಧಾನದ ಅಗತ್ಯ ಹೆಚ್ಚುತ್ತದೆ, ಬೆರಳು ಮತ್ತೆ ಬಾಯಿಗೆ ಹೋಗುತ್ತದೆ.

ಈ ಅಭ್ಯಾಸ ಬಿಡಿಸುವ ವಿಧಾನಗಳ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2015ರಲ್ಲಿ ವಿಮರ್ಶೆ ಪ್ರಕಟಿಸಿತು. ಸಾಕ್ಷ್ಯ ಅಷ್ಟೇನೂ ಗಟ್ಟಿಯಿಲ್ಲ ಎಂದು ಒಪ್ಪಿಕೊಂಡೇ ಅದು ಹೇಳಿದ್ದು: ಹೊಗಳಿಕೆ, ಬಹುಮಾನದಂಥ ಮನೋವೈಜ್ಞಾನಿಕ ವಿಧಾನಗಳು ಮತ್ತು ದಂತವೈದ್ಯರು ಅಳವಡಿಸುವ ಸಾಧನಗಳು, ಏನೂ ಮಾಡದೆ ಬಿಡುವುದಕ್ಕಿಂತ ಹೆಚ್ಚು ಫಲ ಕೊಡುತ್ತವೆ.

ಮನೆಯಲ್ಲಿ ಮಾಡಬಹುದಾದ್ದು ಹೀಗಿದೆ.

ಮೊದಲು ಒಂದು ವಾರ ಸುಮ್ಮನೆ ಗಮನಿಸಿ. ಬೆರಳು ಬಾಯಿಗೆ ಹೋಗುವುದು ಯಾವಾಗ? ಟಿವಿ ಮುಂದೆಯೇ, ನಿದ್ದೆ ಬಂದಾಗಲೇ, ತಮ್ಮ ಹುಟ್ಟಿದ ಮೇಲೆಯೇ? ಕಾರಣ ಗೊತ್ತಾದರೆ ಅರ್ಧ ದಾರಿ ಸಾಗಿದಂತೆ.

ಟಿವಿ ನೋಡುವಾಗ ಕೈಗೆ ಚೆಂಡು, ಬಟ್ಟೆಗೊಂಬೆ, ಬಣ್ಣದ ಪೆನ್ಸಿಲ್ ಏನಾದರೂ ಕೊಡಿ. ಮಲಗುವಾಗ ಕತೆ ಹೇಳಿ, ಬೆನ್ನು ತಟ್ಟಿ. ಬೆರಳು ಕೊಡುತ್ತಿದ್ದ ಸಮಾಧಾನಕ್ಕೆ ಬದಲಿ ಬೇಕಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳು ಚೀಪದ ದಿನಕ್ಕೊಂದು ನಕ್ಷತ್ರ ಅಂಟಿಸಲು ಮಗುವಿಗೇ ಹೇಳಿ. ವಾರಕ್ಕೆ ಇಷ್ಟು ನಕ್ಷತ್ರವಾದರೆ ಪಾರ್ಕಿಗೆ ಹೋಗೋಣ ಎಂದು ಒಪ್ಪಂದ ಮಾಡಿಕೊಳ್ಳಿ. ತಪ್ಪಿದ ದಿನ ಬೈಯಬೇಡಿ.

ರಾತ್ರಿ ಗೊತ್ತಿಲ್ಲದೆ ಚೀಪುವ ಮಗುವಿಗೆ, ಅದು ಒಪ್ಪಿದರೆ, ಕೈಗೆ ಹತ್ತಿಯ ಕಾಲುಚೀಲ ಹಾಕಬಹುದು. ಇದು ಶಿಕ್ಷೆಯಲ್ಲ, ನೆನಪಿಸಲಿಕ್ಕೆ ಎಂದು ತಿಳಿಹೇಳಿ.

ನೆಂಟರ ಮುಂದೆ ‘ನೋಡಿ, ಇಷ್ಟು ದೊಡ್ಡವಳಾದರೂ ಚೀಪ್ತಾಳೆ’ ಎಂದು ಹೀಯಾಳಿಸಬೇಡಿ.

ಇಷ್ಟಾದರೂ 6 ವರ್ಷ ದಾಟಿದ ಮಗು ಬಿಡದಿದ್ದರೆ, ಅಂಗುಳದ ಬಳಿ ಕೂರುವ ತಂತಿಯ ಸಾಧನವನ್ನು ದಂತವೈದ್ಯರು ಅಳವಡಿಸುತ್ತಾರೆ. ಬೆರಳು ಅಂಗುಳಕ್ಕೆ ತಾಗುವ ಹಿತ ಅದರಿಂದ ತಪ್ಪುತ್ತದೆ. ಇದು ಕೂಡ ಬಿಡಬೇಕು ಎಂಬ ಮನಸ್ಸು ಮಗುವಿಗೆ ಬಂದಮೇಲೆಯೇ ಚೆನ್ನಾಗಿ ಕೆಲಸ ಮಾಡುವುದು.

ಎಲ್ಲಿ ತೋರಿಸುವುದು?

ಮೊದಲ ಹುಟ್ಟುಹಬ್ಬದೊಳಗೆ ಮಗುವನ್ನು ಒಮ್ಮೆ ದಂತವೈದ್ಯರಿಗೆ ತೋರಿಸಿ ಎಂದು ಮಕ್ಕಳ ದಂತ ತಜ್ಞರು ಹೇಳುತ್ತಾರೆ. ಎಲ್ಲರಿಗೂ ಖಾಸಗಿ ಕ್ಲಿನಿಕ್ಕಿನ ಖರ್ಚು ಭರಿಸಲಾಗದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ಆರೋಗ್ಯ ತಂಡ ನೋಡುವ ಸಮಸ್ಯೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ತಂಡ ಬಂದ ದಿನ ಮಗುವಿನ ಅಭ್ಯಾಸದ ಬಗ್ಗೆ ಬಾಯಿಬಿಟ್ಟು ಹೇಳಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಮಹಾವಿದ್ಯಾಲಯವಿದೆ, ಬೇರೆ ಊರುಗಳ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲೂ ಸಾಮಾನ್ಯವಾಗಿ ಖರ್ಚು ಕಡಿಮೆ.

ಫಾರ್ವರ್ಡ್ ಮಾಡುವ ಮುನ್ನ

ನಮಗೆ ಬರೆದ ಆ ತಾಯಿಗೆ ನಾವು ಹೇಳಿದ್ದಿಷ್ಟು. ನಿಮ್ಮ ಅಮ್ಮ ಹೇಳಿದ್ದು ಸದ್ಯಕ್ಕೆ ಸರಿ, ಹೆಚ್ಚಿನ ಮಕ್ಕಳು ತಾವಾಗಿಯೇ ಬಿಡುತ್ತಾರೆ. ನಿಮ್ಮ ಅತ್ತೆಯವರ ಆತಂಕವೂ ಸುಳ್ಳಲ್ಲ, ವರ್ಷ ಕಳೆದಂತೆ ಅದಕ್ಕೆ ತೂಕ ಬರುತ್ತದೆ. ಬೇವಿನೆಣ್ಣೆ ಬದಿಗಿಡಿ, ಕ್ಯಾಲೆಂಡರ್ ತೆಗೆದುಕೊಳ್ಳಿ. ನಾಲ್ಕು ತುಂಬಿದ ಮೇಲೂ ಬಿಡದಿದ್ದರೆ, ಅಥವಾ ಹಲ್ಲು ಕಚ್ಚಿದಾಗ ಮುಂದೆ ಕಿಂಡಿ ಕಂಡರೆ, ದಂತವೈದ್ಯರಿಗೆ ತೋರಿಸಿ.

ಮುಂದಿನ ಬಾರಿ ಮಕ್ಕಳ ಆರೋಗ್ಯದ ಸಂದೇಶವೊಂದು ನಿಮ್ಮ ಫೋನಿಗೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ವಯಸ್ಸಿನ ಮಗುವಿನ ಬಗ್ಗೆ? ಅದಕ್ಕೆ ಉತ್ತರವಿಲ್ಲದ ಸಂದೇಶ ನಿಮ್ಮಲ್ಲೇ ನಿಂತುಹೋದರೂ ಯಾರಿಗೂ ನಷ್ಟವಿಲ್ಲ. ಹೆದರಿಕೆಯಿಂದ ಕಳಿಸಿದ ಒಂದು ಫಾರ್ವರ್ಡ್‌ಗೆ ಎಲ್ಲೋ ಒಂದು ಮನೆಯಲ್ಲಿ ಎರಡು ವರ್ಷದ ಕೂಸು ಪೆಟ್ಟು ತಿನ್ನಬಹುದು.